ಜೋಕುಮಾರ ಕಳುವಾದ ಹುಣ್ಣಿಮೆ

ಹುಣ್ಣಿಮೆಯ ಮಧ್ಯಾಹ್ನ ಊಟ ಮುಗಿಸಿ ಕೈ ತೊಳೆದುಕೊಂಡು ದೇವರ ಕೋಣೆಗೆ ಬಂದ ರೇವವ್ವನಿಗೆ ಜೋಕುಮಾರನ ಬುಟ್ಟಿ ಕಾಣಲಿಲ್ಲ. ಬೆಳಗ್ಗೆ ಅವಳೇ ಗೋಡೆಗೆ ಆನಿಸಿ ಇಟ್ಟಿದ್ದಳು. ಈಗ ಅಲ್ಲಿ ನಾಲ್ಕು ಬೇವಿನ ಎಲೆ ಬಿದ್ದಿದ್ದವು, ಅಷ್ಟೇ. ಅತ್ತೆ ಎತ್ತಿಟ್ಟಿರಬೇಕೆಂದು ಪಡಸಾಲೆಗೆ ಇಣುಕಿದಳು. ಅತ್ತೆ ಶಿವಗಂಗವ್ವ ಕಾಲು ಚಾಚಿಕೊಂಡು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಮಡಿಲಲ್ಲಿ ಅಡಿಕೆಯ ಚಂಚಿ ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ರೇವವ್ವ ಮಗಳು ಅನ್ನವ್ವನನ್ನು ಕೂಗಿದಳು. ಮಗಳೂ ಇರಲಿಲ್ಲ.

ಜೋಕುಮಾರನನ್ನು ನೋಡದವರಿಗೆ ಎರಡು ಮಾತು ಹೇಳಬೇಕು. ಗಣಪತಿ ಬಂದು ಕಡಬು ತಿಂದು, ಭೂಮಿಯ ಮೇಲೆ ಎಲ್ಲರೂ ಸುಖವಾಗಿದ್ದಾರೆ ಎಂದು ಶಿವನಿಗೆ ವರದಿ ಒಪ್ಪಿಸುತ್ತಾನಂತೆ. ಹೊಟ್ಟೆ ತುಂಬಿದವನಿಗೆ ಕಾಣುವುದೇ ಅಷ್ಟು. ಅವನ ಹಿಂದೆಯೇ ಹುಟ್ಟುವವನು ಜೋಕುಮಾರ. ಹಸಿ ಮಣ್ಣಿನ ಗೊಂಬೆ. ದೊಡ್ಡ ಕಣ್ಣು, ಹುರಿಮೀಸೆ, ಬಾಯಿಗೆ ಬೆಣ್ಣೆ. ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿ ಅಂಬಿಗೇರ ಹೆಣ್ಣುಮಕ್ಕಳು ತಲೆಯ ಮೇಲೆ ಹೊತ್ತು ಊರೂರು ಹಾಡುತ್ತಾ ತಿರುಗುತ್ತಾರೆ. ಅವನ ಆಯುಷ್ಯ ಒಂದೇ ವಾರ. ಹುಣ್ಣಿಮೆಯ ಚಂದ್ರ ಏರುವ ಹೊತ್ತಿಗೆ ಹಳ್ಳದ ದಂಡೆಯ ಅಗಸರ ಕಲ್ಲಿನ ಮೇಲೆ ಇಟ್ಟು ಒನಕೆಯಿಂದ ತಲೆ ಒಡೆಯುತ್ತಾರೆ. ಸತ್ತು ಮೇಲೆ ಹೋದವನು ಜನರ ಸಂಕಟವನ್ನು ಇದ್ದದ್ದಿದ್ದ ಹಾಗೆ ಹೇಳಿ ಮಳೆ ತರುತ್ತಾನೆ ಎಂದು ನಂಬಿಕೆ. ಅಗಸರು ಆಮೇಲೆ ಮೂರು ದಿನ ಆ ಕಲ್ಲನ್ನು ಮುಟ್ಟುವುದಿಲ್ಲ. ಕಲ್ಲಿನ ಬುಡದಲ್ಲಿ ಅವನು ನೀರು, ನೀರು ಎಂದು ನರಳುತ್ತಿರುತ್ತಾನಂತೆ.

ಬೆಣ್ಣಿಹಳ್ಳದ ದಂಡೆಯ ಆ ಊರಿನಲ್ಲಿ ಜೋಕುಮಾರನನ್ನು ಹೊರುವ ಹಕ್ಕು ಶಿವಗಂಗವ್ವನ ಮನೆಯದು. ಬುಟ್ಟಿ ಇಲ್ಲ ಎಂದು ಕೇಳಿದ ಕೂಡಲೆ ಅವಳ ಕೈಯ ಎಲೆ ಕೆಳಗೆ ಬಿತ್ತು.

"ಅನ್ನಿ ಎಲ್ಲದಾಳ?" ಎಂದಳು ಮೊದಲು.

"ಅಕಿನೂ ಇಲ್ರಿ ಅತ್ತಿ."

ಮುದುಕಿ ದನಿ ತಗ್ಗಿಸಿ, "ನಮ್ಮ ಅತ್ತಿ ಹೇಳ್ತಿದ್ಲು. ಜೋಕಪ್ಪ ಸಾಯದ ಉಳದ್ರ, ತನ್ನ ಬದ್ಲಿ ಹೊತ್ತ ಮನಿ ಕೂಸನ್ನ ಒಯ್ತಾನಂತ" ಎಂದಳು. "ಇರೂದ ಒಂದ ಕೂಸು ಉಳದೈತಿ ಈ ಮನ್ಯಾಗ. ಹೊತ್ತು ಮುಣಗೂದ್ರೊಳಗ ಹುಡುಕಬೇ. ಏಳ, ನಿಂತೇನ ನೋಡ್ತಿ?"

ರೇವವ್ವ ಓಡಿದಳು.

ಇದಕ್ಕೆಲ್ಲ ಮೂಲ ಆ ಹಾಳು ಸಿನೆಮಾ. ಹಾಳು ಎನ್ನುವುದೂ ತಪ್ಪು. ಸಿನೆಮಾ ಒಳ್ಳೆಯದೇ ಇತ್ತು. ಶ್ರಾವಣದಲ್ಲಿ ಸಾಲಿ ಮಾಸ್ತರರು ಮಕ್ಕಳನ್ನೆಲ್ಲ ಬಸ್ಸಿಗೆ ಹತ್ತಿಸಿ ನವಲಗುಂದಕ್ಕೆ ಕರೆದುಕೊಂಡು ಹೋಗಿ ತೋರಿಸಿದ್ದರು. ಎಂಟು ವರ್ಷದ ಅನ್ನವ್ವ ಅವ್ವನನ್ನು ಬಿಟ್ಟು ಹೋಗಲೊಲ್ಲದೆ ಬಾಗಿಲ ಚೌಕಟ್ಟು ಹಿಡಿದು ನಿಂತದ್ದರಿಂದ ರೇವವ್ವನೂ ಹೋದಳು. ಮಾತು ಯಾವ ದೇಶದ್ದೋ ಏನೋ, ಮಾಸ್ತರರಿಗೇ ತಿಳಿಯಲಿಲ್ಲ. ಮಕ್ಕಳಿಗೆ ಮಾತ್ರ ಪೂರಾ ತಿಳಿಯಿತು. ಒಂದು ಮನೆ, ಅದರಲ್ಲಿ ಅಣ್ಣ ತಂಗಿ, ಅವರ ಗೊಂಬೆಗಳು. ದೊಡ್ಡವರು ಇರುವ ತನಕ ಗೊಂಬೆಗಳು ಸತ್ತಂತೆ ಬಿದ್ದಿರುತ್ತವೆ. ದೊಡ್ಡವರು ಆ ಕಡೆ ಹೋದರೆ ಸಾಕು, ಎದ್ದು ಮೈ ಮುರಿದು, ಜಗಳಾಡಿ, ನಗಾಡಿ ಮನೆ ಎಬ್ಬಿಸುತ್ತವೆ. ಹಳೆಯ ಗೊಂಬೆಗಳನ್ನು ಸುಟ್ಟುಬಿಡಬೇಕೆಂದು ಅಪ್ಪ ಅವ್ವ ಮಾತಾಡಿಕೊಳ್ಳುವುದನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ. ಅವನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ಕೂರಿಸಿ, ಮನೆ ಹಿಂದಿನ ಹೊಳೆಯಲ್ಲಿ ತೇಲಿಸಿ, ತಾವೂ ಹಿಂದೆ ಹಿಂದೆ ಹೋಗುತ್ತಾರೆ. ದಾರಿಯಲ್ಲಿ ಬಾರದ ಕಷ್ಟವೆಲ್ಲ ಬರುತ್ತದೆ. ಕಡೆಗೆ ಎಲ್ಲ ಗೊಂಬೆಗಳೂ ಉಳಿಯುತ್ತವೆ. ಅಪ್ಪ ಅವ್ವ ಬಂದು ಮಕ್ಕಳನ್ನು ತಬ್ಬಿಕೊಂಡು ಅಳುತ್ತಾರೆ. ರೇವವ್ವನೂ ಅತ್ತಳು. ಅವಳು ಗೊಂಬೆಗಳಿಗಾಗಿ ಅತ್ತದ್ದಲ್ಲ.

ಬೇಸಗೆಯಲ್ಲಿ ಅವಳ ಗಂಡುಕೂಸು ಶಂಭುಲಿಂಗ ಹೋಗಿಬಿಟ್ಟಿತ್ತು. ಜ್ವರ ಬಂದ ಎಂಟು ತಿಂಗಳ ಕೂಸನ್ನು ಎತ್ತಿಕೊಂಡು ನವಲಗುಂದದ ಬಸ್ಸು ಹತ್ತಿದವಳು ಅರ್ಧ ದಾರಿಯಲ್ಲಿ ತೊಡೆಯ ಮೇಲೆ ಅದು ತಣ್ಣಗಾದದ್ದನ್ನು ಕಂಡಳು. ಗಂಡ, ಅತ್ತೆಯೂ ಅಲ್ಲಿಗೇ ಹೋಗಿ, ನವಲಗುಂದದ ತವರಿನವರ ಹೊಲದಲ್ಲಿ ಮಣ್ಣು ಮಾಡಿ ಬಂದರು. ಆ ಎರಡು ದಿನ ಅನ್ನವ್ವ ಬಾಜು ಮನೆಯ ಖಾದರಬಿಯ ಹತ್ತಿರ ಇದ್ದಳು. ಅವ್ವ ಬರಿಗೈಯಲ್ಲಿ ಬಂದದ್ದನ್ನು ನೋಡಿ, "ತಮ್ಮ ಎಲ್ಲಿ?" ಎಂದು ಕೇಳಿದಳು.

"ದವಾಖಾನ್ಯಾಗ ಅದಾನ. ಆರಾಮ ಆದ ಮ್ಯಾಲೆ ಬರ್ತಾನ" ಎಂದುಬಿಟ್ಟಳು ರೇವವ್ವ.

ಕೂಸಿಗೆ ಖರೇ ಹೇಳು ಎಂದು ಶಿವಗಂಗವ್ವ ಅವತ್ತೇ ಹೇಳಿದ್ದಳು. ನನ್ನ ಮಗಳಿಗೆ ಏನು ಹೇಳಬೇಕೆಂದು ನನಗೆ ಗೊತ್ತಿದೆ ಎಂದು ರೇವವ್ವ ಅತ್ತೆಯ ಮೇಲೆ ಹಾರಿಬಿದ್ದಳು. ಅದರ ಮೇಲೆ ಇಬ್ಬರ ನಡುವೆ ಬೇಕಾದಷ್ಟೇ ಮಾತು. ನಿಜ ಹೇಳಬೇಕೆಂದರೆ ಆ ಸುಳ್ಳು ಮಗಳಿಗೆ ಬೇಕಾಗಿದ್ದಕ್ಕಿಂತ ತಾಯಿಗೇ ಹೆಚ್ಚು ಬೇಕಾಗಿತ್ತು. "ತಮ್ಮ ಯಾವಾಗ ಬರ್ತಾನಬೇ?" ಎಂದು ಮಗಳು ಕೇಳಿದಾಗಲೆಲ್ಲ "ಬರ್ತಾನ" ಎನ್ನುವ ಆ ಒಂದು ಉಸಿರಿನ ತನಕ ಅವಳಿಗೂ ಕೂಸು ಎಲ್ಲೋ ಇದೆ ಅನ್ನಿಸುತ್ತಿತ್ತು. ಕೇಳಿ ಕೇಳಿ ಸಾಕಾಗಿ ಹುಡುಗಿ ಮಾತನ್ನೇ ಬಿಟ್ಟಿದ್ದಳು.

ಸಿನೆಮಾ ನೋಡಿ ಬಂದ ಮೇಲೆ ಮತ್ತೆ ಬಾಯಿ ಬಿಟ್ಟಳು. ಬಸ್ಸಿನಲ್ಲಿ ಉದ್ದಕ್ಕೂ ಅದೇ ಮಾತು. "ಗೊಂಬಿಗೆ ಜೀಂವ ಇರ್ತೈತೇನಬೇ?" ಮಗಳು ಮಾತಾಡಿದಳಲ್ಲ ಎಂಬ ಖುಷಿಯಲ್ಲಿ ರೇವವ್ವ "ಇರ್ತೈತಿ ಮತ್ತ" ಎಂದಳು. "ನಮ್ಮ ಜೋಕಪ್ಪಗೂ?" "ಅವಗ ಇರದ ಇನ್ನ್ಯಾರಿಗೆ?" ಎಂದು ನಕ್ಕೂ ಬಿಟ್ಟಳು. ಆ ಹೊತ್ತಿಗೆ ಮಗಳು ಚಂದ್ರ ಬೇಕು ಎಂದಿದ್ದರೂ ಹೂಂ ಎನ್ನುತ್ತಿದ್ದಳೋ ಏನೋ.

ಈಗ ಓಡುತ್ತಾ ಆ ನಗು ನೆನಪಾಗಿ ತನ್ನ ಬಾಯಿಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ದನದ ಕೊಟ್ಟಿಗೆ ನೋಡಿದಳು. ಬಣವೆಯ ಹಿಂದೆ ನೋಡಿದಳು. ಸಾಲಿಗೆ ಬೀಗ ಹಾಕಿತ್ತು. ಗಂಡ ಹೊಳೆಪ್ಪ ಅಣ್ಣಿಗೇರಿಯ ಕಾಳಿನ ಅಂಗಡಿಯಲ್ಲಿ ಹಮಾಲಿ. ಕತ್ತಲಾಗದೆ ಮನೆ ಮುಟ್ಟುವವನಲ್ಲ. ಅಗಸರ ಓಣಿಯಲ್ಲಿ ಮಡಿವಾಳೆಪ್ಪ ಕಟ್ಟೆಯ ಮೇಲೆ ಬೀಡಿ ಸೇದುತ್ತಾ ಕುಳಿತಿದ್ದ. ಇನ್ನು ಮೂರು ದಿನ ಕೆಲಸವಿಲ್ಲ ಎಂಬ ನೆಮ್ಮದಿ ಅವನ ಮುಖದ ಮೇಲೆ ಈಗಲೇ ಬಂದಿತ್ತು.

"ಅನ್ನವ್ವನ ನೋಡಿಯೇನೋ ಅಣ್ಣಾ?"

"ಇವತ್ತ ನೋಡಿಲ್ಲ ತಂಗಿ. ನಿನ್ನಿ ಬಂದಿತ್ತು ಹುಡುಗಿ. ಜೋಕಪ್ಪ ಕಲ್ಲಿನ ಬುಡಕ ನರಳೂದು ಖರೇನ ಕೇಳಸ್ತೈತೇನು ಕಾಕಾ, ಅಂತ ಕೇಳ್ತು."

"ನೀ ಏನಂದಿ?"

"ಇದ್ದದ್ದ ಹೇಳ್ದೆ. ಹೋದ ವರ್ಷ ನಾನ ಈ ಕಿವೀಲೆ ಕೇಳೀನಿ, ಕಿವಿ ಮುಚಗೊಂಡ ಓಡಿ ಬಂದೀನಿ ಅಂದೆ. ಯಾಕ?"

ಮಡಿವಾಳೆಪ್ಪ ಕೇಳಿದ್ದು ಏನೋ, ಕುಡಿದದ್ದು ಏನೋ. ಆದರೆ ಊರಿನ ದೊಡ್ಡವರೆಲ್ಲ ಸೇರಿ ಹುಡುಗಿಗೆ ಇದೇ ಪಾಠ ಹೇಳಿದ್ದರು. ಅವನಿಗೆ ಜೀವವಿದೆ, ಅವನು ಬೆಣ್ಣೆ ತಿನ್ನುತ್ತಾನೆ, ತಲೆ ಒಡೆದರೆ ನರಳುತ್ತಾನೆ. ಸಿನೆಮಾ ಹೊಸದಾಗಿ ಏನನ್ನೂ ಹೇಳಿರಲಿಲ್ಲ. ಗೊಂಬೆಯನ್ನು ಉಳಿಸಬಹುದು ಎನ್ನುವುದೊಂದನ್ನು ಬಿಟ್ಟು.

ಖಾದರಬಿ ಅಂಗಳದಲ್ಲಿ ಜಮಖಾನದ ನೂಲು ಬಿಡಿಸುತ್ತಿದ್ದಳು. ರೇವವ್ವನ ಮುಖ ನೋಡಿದ ಕೂಡಲೆ ಎದ್ದು ನಿಂತಳು.

"ಈಗರ ಬಂದು ಹೋದ್ಲಲ್ಲವಾ. ಹಳೇ ಅರಿವಿ ಕೊಡ ಕಾಕಿ ಅಂದ್ಲು, ಒಂದ ತುಂಡು ಕೊಟ್ಟೆ. ಬುಟ್ಟಿ ಹೊತಗೊಂಡಿದ್ಲು, ನಾ ನಿಮ್ಮ ಪೂಜಿದ್ದು ಏನರ ಇದ್ದೀತು ಅಂದ್ಕೊಂಡೆ. ಆಮ್ಯಾಲೆ, ಈ ಹಳ್ಳ ಎಲ್ಲಿಗೆ ಹೋಗ್ತೈತಿ ಅಂತ ಕೇಳಿದ್ಲು. ಹೊಳಿಗೆ ಹೋಗ್ತೈತಿ, ಹೊಳಿ ಸಮುದ್ರಕ್ಕ ಹೋಗ್ತೈತಿ ಅಂದೆ. ಅಲ್ಲಿ ಯಾರೂ ಹೊಡ್ಯೂದಿಲ್ಲಲಾ, ಅಂದ್ಲು."

ಪೆಟ್ಟಿಗೆ, ಹೊಳೆ, ಹಿಂದೆ ಹಿಂದೆ ಹೋಗುವ ಮಕ್ಕಳು. ರೇವವ್ವನಿಗೆ ಎಲ್ಲ ಒಮ್ಮೆಲೇ ತಿಳಿಯಿತು. "ನಮ್ಮ ಅತ್ತಿಗ ಹೇಳಬೇ, ಹಳ್ಳಕ್ಕ ಬಾ ಅನ್ನು" ಎಂದವಳೇ ಚಪ್ಪಲಿ ಅಲ್ಲೇ ಬಿಟ್ಟು ಓಡಿದಳು.

ಬೆಣ್ಣಿಹಳ್ಳವನ್ನು ನಂಬಿದವರು ಆ ಕಡೆ ಯಾರೂ ಇಲ್ಲ. ಹೆಸರಿಗೆ ಬೆಣ್ಣೆ, ಗುಣ ಬೇರೆ. ಊರಿನಲ್ಲಿ ಹನಿ ಬಿದ್ದಿರುವುದಿಲ್ಲ, ಆಕಾಶ ತಿಳಿಯಾಗಿರುತ್ತದೆ. ಮೇಲೆ ಕುಂದಗೋಳ, ಹುಬ್ಬಳ್ಳಿಯ ಕಡೆ ಸುರಿದ ನೀರು ಸದ್ದಿಲ್ಲದೆ ಬಂದು ಮೊಣಕಾಲುದ್ದದ ಹಳ್ಳ ನೋಡನೋಡುತ್ತಾ ಆಳುದ್ದವಾಗುತ್ತದೆ. ಆ ದಿನ ಬೆಳಗ್ಗಿನಿಂದ ದಕ್ಷಿಣಕ್ಕೆ ಕರಿಮೋಡ ನಿಂತಿತ್ತು. ಎರೆ ಹೊಲದ ಬದುವಿನ ಮೇಲೆ ಓಡುತ್ತಾ ರೇವವ್ವ ಕೈಮುಗಿದು ಬೇಡಿಕೊಂಡಳು. ಜೋಕಪ್ಪಾ, ನಿನ್ನ ಮಳಿ ಇವತ್ತ ಬ್ಯಾಡೋ ನಮ್ಮಪ್ಪಾ.

ಅಗಸರ ಕಲ್ಲುಗಳ ಹತ್ತಿರ ಯಾರೂ ಇರಲಿಲ್ಲ. ಹಳ್ಳದ ನೀರು ಬಣ್ಣ ಬದಲಿಸಿತ್ತು. ಕಸ, ಕಡ್ಡಿ, ನೊರೆ ತೇಲಿ ಬರುತ್ತಿದ್ದವು. ಕೆಳಗೆ ಜಾಲಿಗಿಡದ ತಿರುವಿನಲ್ಲಿ, ಹಳ್ಳದ ನಡುವಿನ ಬಂಡೆಯ ಮೇಲೆ ಅನ್ನವ್ವ ನಿಂತಿದ್ದಳು. ಬುಟ್ಟಿಯನ್ನು ನೀರಿಗೆ ಬಿಡುವಳು. ಅದು ವಾಲಿ ನೀರು ಕುಡಿಯುತ್ತಿದ್ದಂತೆ ಗಾಬರಿಯಾಗಿ ಮೇಲೆತ್ತಿಕೊಳ್ಳುವಳು. ಆಗಲೇ ನೀರು ಬಂಡೆಯನ್ನು ದಾಟಿ ಅವಳ ಮೊಣಕಾಲು ಮುಟ್ಟಿತ್ತು.

"ಅನ್ನವ್ವಾ!"

ಹುಡುಗಿ ತಿರುಗಿ ನೋಡಿ, ಬುಟ್ಟಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡಳು.

ರೇವವ್ವ ನೀರಿಗಿಳಿದಳು. ಹೆಸರಿಗೆ ಅಂಬಿಗರು, ದೋಣಿ ನಡೆಸಿದ್ದು ಯಾವ ಮುತ್ತಜ್ಜನೋ ದೇವರಿಗೇ ಗೊತ್ತು. ಈಗ ಮನೆಯಲ್ಲಿ ಈಸು ಬರುವವರು ಒಬ್ಬರೂ ಇಲ್ಲ. ನಾಲ್ಕು ಹೆಜ್ಜೆಗೆ ನೀರು ಸೊಂಟಕ್ಕೆ ಬಂತು. ಅಡಿಯ ಕರಿಮಣ್ಣು ಕಾಲನ್ನು ಹಿಡಿದು ಎಳೆಯುತ್ತಿತ್ತು. ಇನ್ನೊಂದು ಹೆಜ್ಜೆಗೆ ನೆಲವೇ ಸಿಗಲಿಲ್ಲ. ಹಿಂದಕ್ಕೆ ಜಗ್ಗಿ, ದಂಡೆಯಿಂದ ಬಾಗಿದ ಜಾಲಿಯ ಕೊಂಬೆಯನ್ನು ಹಿಡಿದಳು. ಮುಳ್ಳು ಅಂಗೈಯೊಳಗೆ ಇಳಿದದ್ದು ಗೊತ್ತಾಗಲಿಲ್ಲ. ಇನ್ನೊಂದು ಕೈಯಿಂದ ಸೆರಗು ಬಿಚ್ಚಿ ಎಸೆದಳು. ಸೆರಗಿನ ತುದಿ ಬಂಡೆಯ ತನಕ ಹೋಯಿತು.

"ಹಿಡಿ ಅದನ್ನ! ಬುಟ್ಟಿ ಬಿಡು, ಸೆರಗು ಹಿಡಿ!"

"ಒಲ್ಲೆ. ನೀವು ಅವನ್ನ ಕೊಲ್ತೀರಿ."

"ಕೊಲ್ಲೂದಿಲ್ಲ ನನ್ನವ್ವ. ಮನೀಗ ಒಯ್ದು ಇಟಗೊಳ್ಳೂಣು. ದಿನಾ ಬೆಣ್ಣಿ ತಿನಸೂಣು."

"ಸುಳ್ಳು ಹೇಳ್ತಿ."

"ಇಲ್ಲವ್ವ! ನಿನ್ನಾಣೆ, ಇಲ್ಲ!"

"ತಮ್ಮ ಬರ್ತಾನ ಬರ್ತಾನ ಅಂತ ಹೇಳಕೋತ ಬಂದಿ. ಬಂದ್ನೇನು?" ಹುಡುಗಿ ಅಳುತ್ತಿರಲಿಲ್ಲ, ಸಿಟ್ಟಿನಿಂದ ಅವಳ ದನಿ ಒಡೆದಿತ್ತು. "ಅವನ್ನೂ ನೀನ ಒಯ್ದಿ. ಹೊಳ್ಳಿ ಬರಾಗ ಕೈಯಾಗ ಇರಲಿಲ್ಲ. ಇವನ್ನ ಕೊಡೂದಿಲ್ಲ ನಾ."

ಇಷ್ಟು ದಿನ ಈ ಹುಡುಗಿ ತಲೆಯೊಳಗೆ ಇದನ್ನು ಇಟ್ಟುಕೊಂಡು ರೇವವ್ವನ ಮಗ್ಗುಲಲ್ಲೇ ಮಲಗಿದ್ದಳು. ನೀರು ಹುಡುಗಿಯ ತೊಡೆಗೆ ಬಂದಿತ್ತು. ಒಂದು ಒಣಕೊಂಬೆ ತೇಲಿ ಬಂದು ಅವಳ ಕಾಲಿಗೆ ಬಡಿಯಿತು. ಹುಡುಗಿ ವಾಲಿದಳು, ಹೇಗೋ ನಿಂತಳು. ಇನ್ನೊಂದು ಸುಳ್ಳಿಗೆ ಅವಳು ಕೈ ಚಾಚುವುದಿಲ್ಲ ಎಂದು ರೇವವ್ವನಿಗೆ ಸ್ಪಷ್ಟವಾಯಿತು. ಬೇರೆ ಏನೂ ತನ್ನ ಹತ್ತಿರ ಉಳಿದಿರಲಿಲ್ಲ.

"ಬರೂದಿಲ್ಲವ್ವ ಅವ" ಎಂದು ಕೂಗಿದಳು. ಹಳ್ಳದ ಸದ್ದಿನಲ್ಲಿ ಕೇಳಿಸಿತೋ ಇಲ್ಲವೋ ಎಂದು ಮತ್ತೆ ಕೂಗಿದಳು. "ಶಂಭುಲಿಂಗ ಸತ್ತಾನ. ಬಸ್ಸಿನ್ಯಾಗ, ನನ್ನ ತೊಡಿ ಮ್ಯಾಲೆ ಸತ್ತ. ಯಾರೂ ಕೊಲ್ಲಲಿಲ್ಲ. ನಾ ಅವನ್ನ ಬಿಡಲಿಲ್ಲ, ಗಟ್ಟ್ಯಾಗಿ ಹಿಡಕೊಂಡಿದ್ದೆ. ಹಿಡಕೊಂಡಂಗ ಹ್ವಾದ. ನಾ ನಿನಗ ಸುಳ್ಳ ಹೇಳ್ದೆ. ನನಗ ಹೇಳಾಕ ಆಗಲಿಲ್ಲ, ಅನ್ನವ್ವಾ!"

ಹುಡುಗಿ ಅವಳನ್ನು ದಿಟ್ಟಿಸಿ ನೋಡಿದಳು. ಆ ಒಂದು ಗಳಿಗೆ ರೇವವ್ವನಿಗೆ ಮಗಳು ಪೂರಾ ಕೈ ಬಿಟ್ಟು ಹೋದಳು ಅನ್ನಿಸಿತು.

ಆಮೇಲೆ ಅನ್ನವ್ವ ತಲೆ ಬಗ್ಗಿಸಿ ಬುಟ್ಟಿಯೊಳಗೆ ನೋಡಿದಳು. ಖಾದರಬಿಯ ಅರಿವೆ ಸರಿದಿತ್ತು. ಜೋಕುಮಾರನ ಮೀಸೆ ಕರಗಿ ಗದ್ದದ ಮೇಲೆ ಇಳಿದಿತ್ತು. ಒಂದು ಕಣ್ಣು ಇರಲಿಲ್ಲ. ಬೇವಿನ ಎಲೆಗಳ ನಡುವೆ ಅವನು ಬರೇ ಕೆಸರಾಗುತ್ತಿದ್ದ. ಹಸಿ ಮಣ್ಣು ನೀರಿಗೆ ಎಷ್ಟು ಹೊತ್ತು ತಡೆದೀತು? ಅಷ್ಟು ಸಲ ನೀರಿಗೆ ಬಿಟ್ಟು ಎತ್ತಿ, ಬಿಟ್ಟು ಎತ್ತಿ, ಉಳಿಸಲು ಹೋದವಳೇ ಅವನನ್ನು ತೊಳೆದುಬಿಟ್ಟಿದ್ದಳು.

"ಯವ್ವಾ, ಇವನೂ ಹೊಂಟಾನ" ಎಂದಳು. ಈಗ ಅವಳ ದನಿ ಎಂಟು ವರ್ಷದವಳದಾಗಿತ್ತು.

"ಹೋಗ್ಲಿ ಬಿಡವ್ವ. ನೀ ಬಾ. ನೀ ಒಬ್ಬಾಕಿ ಬಾ."

ಅನ್ನವ್ವ ಬುಟ್ಟಿಯನ್ನು ಬಿಟ್ಟಳು. ಅದು ಒಂದು ಸುತ್ತು ತಿರುಗಿ, ಮಗುಚಿ, ಎಲೆಯನ್ನೆಲ್ಲ ಚೆಲ್ಲಿ ಹೋಯಿತು. ಹುಡುಗಿ ಸೆರಗು ಹಿಡಿದಳು. ಬಂಡೆಯಿಂದ ಕಾಲು ಕೀಳುತ್ತಿದ್ದಂತೆ ನೀರು ಅವಳನ್ನು ಎಳೆದು ತಲೆಯ ಮೇಲೆ ಹಾಯಿತು. ಸೀರೆ ಬಿಗಿದು ರೇವವ್ವನ ಸೊಂಟ ಕೊಯ್ದಂತಾಯಿತು. ಅವಳು ಕೊಂಬೆಯನ್ನೂ ಬಿಡಲಿಲ್ಲ, ಸೀರೆಯನ್ನೂ ಬಿಡಲಿಲ್ಲ. ದೇವರನ್ನು ಬೈದಳು, ಗಂಡನನ್ನು ಬೈದಳು, ಸಿನೆಮಾ ತೋರಿಸಿದ ಮಾಸ್ತರರನ್ನು ಬೈದಳು, ಬೈಯುತ್ತಲೇ ಎಳೆದಳು. ಕೈಗೆ ಮೊದಲು ಕೂದಲು ಸಿಕ್ಕಿತು. ಕೂದಲನ್ನೇ ಹಿಡಿದು ಮಗಳನ್ನು ದಂಡೆಯ ಕೆಸರಿಗೆ ಎಳೆದು ಹಾಕಿ, ಬೆನ್ನಿಗೆ ಎರಡು ಗುದ್ದಿ, ಕುಡಿದ ನೀರು ಕಾರಿಸಿ, ಆಮೇಲೆ ಅವಳ ಮೇಲೆಯೇ ಬಿದ್ದು ತಬ್ಬಿಕೊಂಡಳು.

ಶಿವಗಂಗವ್ವ ಒನಕೆ ಹಿಡಿದುಕೊಂಡು ಬಂದಾಗ ಹೊತ್ತು ಮುಳುಗುತ್ತಿತ್ತು. ಹಿಂದೆ ಹಾಡುವ ಹೆಣ್ಣುಮಕ್ಕಳಿದ್ದರು, ಏದುಸಿರು ಬಿಡುತ್ತಾ ಖಾದರಬಿ ಇದ್ದಳು. ಮುದುಕಿ ಕೆಸರಿನ ಮುದ್ದೆಗಳಂತೆ ಕುಳಿತಿದ್ದ ತಾಯಿ ಮಗಳನ್ನು ನೋಡಿದಳು, ಸುತ್ತ ಕಣ್ಣಾಡಿಸಿದಳು.

"ಜೋಕಪ್ಪ ಎಲ್ಲಿ?"

ರೇವವ್ವ ಮಗಳನ್ನು ಇನ್ನೂ ಬಿಗಿಯಾಗಿ ಹಿಡಿದುಕೊಂಡಳು. ಈಗ ಏನು ಬೇಕಾದರೂ ಅನ್ನಲಿ, ಒನಕೆಯನ್ನು ತನ್ನ ತಲೆಯ ಮೇಲೆ ಹಾಕಿದರೂ ಹಾಕಲಿ ಎಂದು ಕುಳಿತಳು.

ಉತ್ತರ ಕೊಟ್ಟವಳು ಅನ್ನವ್ವ. "ಸತ್ತ, ಆಯಿ."

"ಯಾರ ಹೊಡದ್ರು?"

"ಯಾರೂ ಹೊಡೀಲಿಲ್ಲ. ನಾ ಹಿಡಕೊಂಡಿದ್ದೆ, ಹಿಡಕೊಂಡಂಗ ಸತ್ತ." ಸ್ವಲ್ಪ ತಡೆದು, ಹೊಸ ಸುದ್ದಿ ಹೇಳುವವಳ ಹಾಗೆ, "ತಮ್ಮನೂ ಹಂಗ ಸತ್ತಾನಂತ. ಅವ್ವ ಹೇಳಿದ್ಲು" ಎಂದಳು.

ಶಿವಗಂಗವ್ವ ಸೊಸೆಯ ಕಡೆ ನೋಡಿದಳು. ರೇವವ್ವ ಹೌದೆಂದು ತಲೆ ಆಡಿಸಿದಳು. ಮುದುಕಿ ಒನಕೆಯನ್ನು ನೆಲಕ್ಕೆ ಹಾಕಿ, ಸೊಂಟ ಹಿಡಿದುಕೊಂಡು, ಅಲ್ಲೇ ಆ ಕೆಸರಿನಲ್ಲೇ ಸೊಸೆಯ ಮಗ್ಗುಲಿಗೆ ಕುಳಿತಳು. ಬೈಯಲಿಲ್ಲ. ಮುಳ್ಳು ನಟ್ಟ ರೇವವ್ವನ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡು, ಸಂಜೆಯ ಮಬ್ಬಿನಲ್ಲಿ ಕಣ್ಣು ಕಾಣದಿದ್ದರೂ ಒಂದೊಂದೇ ಮುಳ್ಳನ್ನು ತಡವಿ ಕೀಳತೊಡಗಿದಳು.

"ಅತ್ತಿ, ನನ್ನ ಕೂಸು" ಎಂದಳು ರೇವವ್ವ.

"ನನಗೂ ಮೊಮ್ಮಗಲ್ಲೇನ ಅದು?" ಎಂದಳು ಮುದುಕಿ.

ಜೋಕುಮಾರ ಸತ್ತ ಮೇಲೆ ಅವನಿಗಾಗಿ ಅಳುವ ಹಾಡೊಂದಿದೆ. ಹೊತ್ತ ಮನೆಯ ಹಿರಿಯಳೇ ಅದನ್ನು ಎತ್ತಬೇಕು. ಎತ್ತದೆ ಯಾರೂ ಮನೆಗೆ ಹೋಗುವ ಹಾಗಿಲ್ಲ. ಹೆಣ್ಣುಮಕ್ಕಳು ಸುತ್ತ ನಿಂತು ಕಾದರು. ಶಿವಗಂಗವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು ರಾಗ ತೆಗೆದಳು. ಎಷ್ಟೋ ವರ್ಷದಿಂದ ಹಾಡಿದ ಹಾಡು, ತಪ್ಪುವ ಪ್ರಶ್ನೆಯೇ ಇಲ್ಲ. ಆದರೆ ಸತ್ತವನನ್ನು ಹೆಸರು ಹಿಡಿದು ಕರೆಯುವ ಕಡೆಗೆ ಬಂದಾಗ ಅವಳ ಬಾಯಿಂದ ಜೋಕುಮಾರನ ಹೆಸರು ಬರಲಿಲ್ಲ. ಶಂಭುಲಿಂಗಾ ಎಂದು ಕರೆದಳು.

ಹೆಣ್ಣುಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಖಾದರಬಿ ಸೆರಗನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಅವರೂ ಅದೇ ಹೆಸರನ್ನು ಹಿಡಿದು ಹಾಡಿದರು. ರೇವವ್ವ ಬಾಯಿ ತೆರೆದು ಮೊದಲನೆಯ ಸಲ ದೊಡ್ಡ ದನಿಯಲ್ಲಿ ಅತ್ತಳು. ಅನ್ನವ್ವನಿಗೆ ಹಾಡು ಬರುತ್ತಿರಲಿಲ್ಲ. ತಮ್ಮನ ಹೆಸರು ಬಂದಾಗ ಮಾತ್ರ ಎಲ್ಲರ ಜೊತೆಗೆ ದನಿಗೂಡಿಸಿ ಕರೆಯುತ್ತಿದ್ದಳು.